ಕಾನಿ ಕಾನ್ವರ್ಸ್: ಮೊದಲು ಹಾಡು ಕೇಳಿ, ಕತೆ ಆಮೇಲೆ ಓದಿ

ಕಾನಿ ಕಾನ್ವರ್ಸ್ ಅನ್ನೋ ಅಮೆರಿಕದ ಹಾಡುಗಾರ್ತಿಯ ಆಲ್ಬಮ್ ಇದು, ಹೆಸರು ಹೌ ಸ್ಯಾಡ್, ಹೌ ಲವ್ಲಿ. ಹೊರಬಂದಿದ್ದು 2009ರಲ್ಲಿ, ಹಾಡುಗಳು ಮಾತ್ರ 1950ರ ದಶಕದವು. ಒಂದು ಗಿಟಾರ್, ಒಂದು ಹೆಣ್ಣುದನಿ, ಅಷ್ಟೇ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಮೂರು ವಾರದಿಂದ ಇದನ್ನೇ ಹಾಕ್ಕೊಂಡು ಕೂರುತ್ತಿದ್ದೇನೆ.

ಕಾನಿ ಹುಟ್ಟಿದ್ದು 1924ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಕಾಲೇಜು ಅರ್ಧಕ್ಕೇ ಬಿಟ್ಟು ನ್ಯೂಯಾರ್ಕಿಗೆ ಬಂದರು, ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾ ತಾವೇ ಹಾಡು ಬರೆದು, ತಾವೇ ರಾಗ ಹಾಕಿ, ಪರಿಚಯದವರ ಮನೆಗಳಲ್ಲಿ ಹಾಡುತ್ತಿದ್ದರು. 1954ರಲ್ಲಿ ಜೀನ್ ಡೈಚ್ ಅನ್ನುವವರು ತಮ್ಮ ಮನೆಯಲ್ಲೇ ಅವರನ್ನು ಟೇಪ್ ಮಾಡಿಕೊಂಡರು. ಮುಂದೆ ಒಂದಷ್ಟು ಟಾಮ್ ಅಂಡ್ ಜೆರ್ರಿ ಕಾರ್ಟೂನ್ ಮಾಡಿದ್ದು ಇದೇ ಡೈಚ್! ಅದೇ 1954ರಲ್ಲಿ ಕಾನಿ ಅಮೆರಿಕದ ಸಿಬಿಎಸ್ ಟಿವಿಯ ಬೆಳಗಿನ ಕಾರ್ಯಕ್ರಮದಲ್ಲೂ ಹಾಡಿದರು. ಆದರೂ ಯಾವ ಕಂಪನಿಯೂ ರೆಕಾರ್ಡ್ ತರಲಿಲ್ಲ.

ಟಾಕಿನ್ ಲೈಕ್ ಯು ಹಾಡನ್ನೇ ತಗೊಳ್ಳಿ. ಎರಡು ಬೆಟ್ಟದ ನಡುವೆ ಒಂದು ಜಾಗ, ಜನ ಅದನ್ನು ಒಂಟಿ ಜಾಗ ಅಂತಾರೆ, ಇವರಿಗೆ ಮಾತ್ರ ಅಲ್ಲಿ ಒಂಟಿ ಅನಿಸೋದೇ ಇಲ್ಲ, ಯಾಕೆಂದರೆ ಮರದ ಮೇಲೆ ಅಳಿಲಿನಂಥದ್ದೊಂದು ಸದ್ದು ಮಾಡಿದರೂ ನಾವಿಬ್ಬರು ಜಗಳ ಆಡಿದ ಹಾಗೇ ಕೇಳುತ್ತೆ ಅಂತ ಹಾಡುತ್ತಾರೆ. ದನಿಯಲ್ಲಿ ಅಳು ಇಲ್ಲ, ಪಕ್ಕದ ಮನೆಯವರ ಹತ್ತಿರ ಮಾತಾಡಿದಷ್ಟು ಸಲೀಸು. ಅದಕ್ಕೇ ಎದೆಗೆ ನಾಟುತ್ತೆ.

ಕೊರತೆ ಇಲ್ಲ ಅಂತಲ್ಲ. ಹಳೇ ಟೇಪಿನ ಸರಸರ ಸದ್ದು ಇದೆ, ಒಂದು ಹಾಡು ಜೋರು, ಇನ್ನೊಂದು ಸಣ್ಣ. ಬಸ್ಸಿನಲ್ಲಿ ಕೇಳೋಕೆ ಆಗಲ್ಲ. ಸಾಹಿತ್ಯ ಕೈಗೆ ಸಿಕ್ಕರೆ ಇನ್ನೂ ಜಾಸ್ತಿ ಹಿಡಿಸುತ್ತೆ, ಪದಗಳು ಅಷ್ಟು ಚುರುಕು.

1961ರಲ್ಲಿ ಕಾನಿ ನ್ಯೂಯಾರ್ಕ್ ಬಿಟ್ಟು ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿಗೆ ಹೋದರು, ಮುಂದೆ ಅಲ್ಲಿ ಒಂದು ವಿದ್ವತ್ ಪತ್ರಿಕೆಯ ಸಂಪಾದನೆ ಕೆಲಸ ಮಾಡಿದರು. 1974ರ ಆಗಸ್ಟ್‌ನಲ್ಲಿ, 50 ತುಂಬಿದ ಬೆನ್ನಿಗೇ, ಮನೆಯವರಿಗೂ ಗೆಳೆಯರಿಗೂ ಪತ್ರ ಬರೆದು ಕಾರಿಗೆ ಸಾಮಾನು ತುಂಬಿಕೊಂಡು ಹೊರಟರು. ಮತ್ತೆ ಪತ್ತೆಯೇ ಆಗಲಿಲ್ಲ. ಇವರ ಬಗ್ಗೆ ಬರೆಯೋರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ, ನನಗೆ ಅದು ಬೇಜಾರು. 2004ರಲ್ಲಿ ಡೈಚ್ ತಮ್ಮ ಟೇಪನ್ನು ನ್ಯೂಯಾರ್ಕಿನ ರೇಡಿಯೋದಲ್ಲಿ ಕೇಳಿಸಿದರು. ಅದನ್ನು ಕೇಳಿದ ಒಬ್ಬ ಹುಡುಗ ಗೆಳೆಯನ ಜೊತೆ ಸೇರಿ ಈ ಆಲ್ಬಮ್ ತಂದ. ಅವನನ್ನು ಹಿಡಿದಿದ್ದು ಹಾಡು ತಾನೇ?

ಒನ್ ಬೈ ಒನ್ ಹಾಡಿಂದ ಶುರು ಮಾಡಿ. ಕತ್ತಲಲ್ಲಿ ಇಬ್ಬರು ನಡೀತಾರೆ, ಪ್ರೇಮಿಗಳ ಹಾಗೆ ಜೋಡಿಯಾಗಿ ಅಲ್ಲ, ಒಬ್ಬೊಬ್ಬರೇ. ಇಯರ್‌ಫೋನ್ ಹಾಕ್ಕೊಳ್ಳಿ, ದೀಪ ಆರಿಸಿ.