ಪೋರ್ಟ್‌ಫೋಲಿಯೋ ಮಾಡಿಸುವ ಮುನ್ನ ಡೊಮೇನ್ ಯಾರ ಹೆಸರಲ್ಲಿರುತ್ತದೆ ಕೇಳಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಬಿಸಿಎ, ಬಿಇ ಮುಗಿಸಿ ಕೆಲಸ ಹುಡುಕುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಆನ್‌ಲೈನ್ ಪೋರ್ಟ್‌ಫೋಲಿಯೋ, ಅಂದರೆ ನಾವು ಮಾಡಿದ ಕೆಲಸಗಳನ್ನು ತೋರಿಸುವ ವೆಬ್‌ಸೈಟ್, ಇಲ್ಲದಿದ್ದರೆ ಬೆಂಗಳೂರಿನ ಕಂಪನಿಗಳು ರೆಸ್ಯೂಮ್ ತೆರೆದೂ ನೋಡುವುದಿಲ್ಲ ಎಂದು ಹೆದರಿಸಿ ದುಡ್ಡು ಕೀಳುವವರು ನಮ್ಮೂರಲ್ಲೂ ಇದ್ದಾರೆ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವಳು ಗದಗದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಓಡಾಡಿ ಕೋಡಿಂಗ್ ಕೋರ್ಸ್ ಮಾಡಿದಳು. ಕೋರ್ಸ್ ನಡೆಸಿದವರೇ ಏಳು ಸಾವಿರಕ್ಕೆ ಅವಳ ಹೆಸರಿನ ಡಾಟ್ ಕಾಮ್ ವಿಳಾಸದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇವೆ ಎಂದರು. ಬೆಟಗೇರಿಯಲ್ಲಿ ನಮ್ಮ ಕಾಕಾನ ಕೈಮಗ್ಗಗಳಿವೆ. ಯಾವ ಮಗ್ಗಕ್ಕೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಇಳಿದವು, ಯಾರ ಬಾಕಿ ಎಷ್ಟು ಅಂತ ಮೊಬೈಲಿನಲ್ಲೇ ಲೆಕ್ಕ ಇಡುವ ಆ್ಯಪ್ ಒಂದನ್ನು ಅವಳು ಮಾಡಿಕೊಟ್ಟಿದ್ದಳು. ಕಾಕಾ ದಿನಾ ಬಳಸುತ್ತಾರೆ. ಅದನ್ನು ಹಾಕಿ ಎಂದರೆ, "ಅದೆಲ್ಲಾ ಬ್ಯಾಡ್ರಿ, ಕಂಪನ್ಯಾವ್ರು ಇಂಥಾವು ನೋಡಂಗಿಲ್ಲ, ನಮ್ಮ ಹತ್ರ ರೆಡಿ ಪ್ರಾಜೆಕ್ಟ್ ಅದಾವು, ಎಲ್ಲಾರೂ ಇವ್ನ ಹಾಕ್ಕೊಳ್ಳೋದು" ಅಂದರಂತೆ. ಹವಾಮಾನ ತೋರಿಸುವ ಪುಟ, ದಿನದ ಕೆಲಸಗಳ ಪಟ್ಟಿ, ಒಂದು ಶಾಪಿಂಗ್ ಸೈಟ್. ಮೂರನ್ನೂ ತಂದು ಅವಳ ಹೆಸರಿಗೆ ಅಂಟಿಸಿದರು.

ವಿಡಿಯೋ ಕಾಲ್‌ನಲ್ಲಿ ಸಂದರ್ಶನ ನಡೆದಾಗ ಎದುರಿಗಿದ್ದವರು ಆ ಶಾಪಿಂಗ್ ಸೈಟ್ ತೆರೆದು ಸ್ಕ್ರೀನ್ ಶೇರ್ ಮಾಡಿದರು. ಬ್ರೌಸರಿನ ಟ್ಯಾಬ್ ಮೇಲೆ ಬೇರೆ ಹುಡುಗನೊಬ್ಬನ ಹೆಸರು! ಪುಟದಲ್ಲಿ ಕಾಣುವ ಹೆಸರು ಬದಲಿಸಿದವರು ಕೋಡಿನೊಳಗಿನ ಟೈಟಲ್ ಹಾಗೇ ಬಿಟ್ಟಿದ್ದರು. "ಇದು ನೀವೇ ಬರೆದದ್ದಾ?" ಎಂದು ಕೇಳಿದರು, ಅಲ್ಲಿಗೆ ಸಂದರ್ಶನ ಮುಗಿಯಿತು. ಸ್ವಂತ ಕೆಲಸ ಕೈಯಲ್ಲಿದ್ದೂ ಹುಡುಗಿ ತಲೆ ತಗ್ಗಿಸಿ ಕೂರಬೇಕಾಯಿತು. ನನಗೆ ಇವತ್ತಿಗೂ ಆ ಸಂಕಟ ಹೋಗಿಲ್ಲ.

ಅವನ್ನು ತೆಗೆಸೋಣವೆಂದರೆ ಪಾಸ್‌ವರ್ಡ್ ಅವರ ಹತ್ತಿರ. ಡೊಮೇನ್, ಅಂದರೆ ಆ ಡಾಟ್ ಕಾಮ್ ವಿಳಾಸ, ಕೂಡ ಅವರದೇ ಅಕೌಂಟಿನಲ್ಲಿ. ಕೇಳಿದರೆ "ಮೊದ್ಲ ರಿನೀವಲ್ ಎಂಟ್ ಸಾವಿರ ಕಟ್ರಿ, ಆಮ್ಯಾಲೆ ಮಾತಾಡೂಣು" ಎಂಬ ಉತ್ತರ. ಡಾಟ್ ಕಾಮ್ ವಿಳಾಸವನ್ನು ನಾವೇ ನೇರವಾಗಿ ಕೊಂಡರೆ ವರ್ಷಕ್ಕೆ ಸಾವಿರದ ಆಸುಪಾಸು ಅಷ್ಟೇ. ನಾವು ಕಟ್ಟಲಿಲ್ಲ. ಅವಧಿ ಮುಗಿದ ಮೇಲೆ ಆ ವಿಳಾಸದಲ್ಲಿ ಬರೀ ಜಾಹೀರಾತು. ಅವಳು ಕಳಿಸಿದ್ದ ಪ್ರತಿ ರೆಸ್ಯೂಮಿನಲ್ಲೂ ಅದೇ ಲಿಂಕ್ ಇತ್ತು. ಇಷ್ಟು ಸಾಲದೆಂಬಂತೆ ಮೊಬೈಲ್ ನಂಬರ್, ಹುಟ್ಟಿದ ದಿನಾಂಕ, ಮನೆ ವಿಳಾಸವೆಲ್ಲ ಇದ್ದ ರೆಸ್ಯೂಮನ್ನು ಸೈಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದ್ದರು. "ಕೆಲಸ ಪಕ್ಕಾ ಆಗಿದೆ, ನೋಂದಣಿ ಶುಲ್ಕ ಕಳಿಸಿ" ಎನ್ನುವ ಕರೆಗಳು ಆಮೇಲೆ ಶುರುವಾದವು.

ಇದಕ್ಕೆಲ್ಲ ದುಡ್ಡು ಬೇಕಾಗಿಯೇ ಇಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಪೇಜಸ್ ಸೇವೆಯಲ್ಲಿ ಉಚಿತವಾಗಿ ಸೈಟ್ ಇಡಬಹುದು, ವಿಳಾಸದಲ್ಲಿ ನಿಮ್ಮದೇ ಯೂಸರ್‌ನೇಮ್ ಇರುತ್ತದೆ. ಡಿಸೈನ್ ಮಾಡುವವರಿಗೆ ಬಿಹ್ಯಾನ್ಸ್ ಇದೆ, ಕೋಡಿಂಗ್ ಬಾರದವರಿಗೆ ಗೂಗಲ್ ಸೈಟ್ಸ್ ಸಾಕು. ಅಕೌಂಟ್ ಮಾತ್ರ ನಿಮ್ಮ ಇಮೇಲ್, ನಿಮ್ಮ ಮೊಬೈಲಿನಿಂದಲೇ ತೆರೆಯಿರಿ. ಡೊಮೇನ್ ಬೇಕೆನಿಸಿದರೆ ನಿಮ್ಮ ಹೆಸರಿನ ಅಕೌಂಟಿನಲ್ಲೇ ಕೊಳ್ಳಿ. ಸೈಟಿನಲ್ಲಿ ಇಮೇಲ್ ಇದ್ದರೆ ಸಾಕು, ಮನೆ ವಿಳಾಸ ಯಾರಿಗೆ ಬೇಕು?

ತಂಗಿ ಈಗ ಗಿಟ್‌ಹಬ್‌ನಲ್ಲಿ ತಾನೇ ಮಾಡಿಕೊಂಡಿದ್ದಾಳೆ. ಮೊದಲಿಗೆ ಕಾಕಾನ ಆ್ಯಪ್, ಗಿರಾಕಿಗಳ ಹೆಸರು ಮರೆಮಾಡಿದ ಸ್ಕ್ರೀನ್‌ಶಾಟ್‌ಗಳ ಜೊತೆ. ಇಂಗ್ಲಿಷಿನಲ್ಲಿ ಮಾಡಿದ್ದು ಕಾಕಾಗೆ ಒಗ್ಗದೆ ಕನ್ನಡಕ್ಕೆ ಬದಲಿಸಿದ್ದು, ನೆಟ್ ಇಲ್ಲದಾಗಲೂ ಲೆಕ್ಕ ಬರೆಯಲು ಬರುವಂತೆ ಮಾಡಿದ್ದು, ಎಲ್ಲ ಬರೆದಿದ್ದಾಳೆ. ಮೊನ್ನೆಯ ಸಂದರ್ಶನದಲ್ಲಿ ಹೆಚ್ಚಿನ ಹೊತ್ತು ಅದರ ಬಗ್ಗೆಯೇ ಕೇಳಿದರು. ಉತ್ತರಗಳೆಲ್ಲ ಅವಳ ಬಾಯಲ್ಲೇ ಇದ್ದವು.

ಈಗಾಗಲೇ ದುಡ್ಡು ಕೊಟ್ಟು ಮಾಡಿಸಿಕೊಂಡವರು ಅವಧಿ ಮುಗಿಯುವ ಮೊದಲೇ ಡೊಮೇನನ್ನು ನಿಮ್ಮ ಅಕೌಂಟಿಗೆ ವರ್ಗಾಯಿಸಿಕೊಡಲು ವಾಟ್ಸಾಪಿನಲ್ಲೇ ಕೇಳಿ, ಬಾಯಿಮಾತಿಗೆ ಬಿಡಬೇಡಿ. ರಸೀದಿ, ಯುಪಿಐ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನೋಂದಣಿ ಶುಲ್ಕದ ಕರೆ ನಂಬಿ ಯಾರಾದರೂ ದುಡ್ಡು ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.