ಗಾಡಿ ‘ಧಡ್’ ಅಂದರೆ ಮೊದಲು ಎಂಜಿನ್ ಮೌಂಟಿಂಗ್ ನೋಡಿಸಿ, ಡಿಫರೆನ್ಷಿಯಲ್ ಆಮೇಲೆ

ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಹಳೆ ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕ್ವಾಲಿಸ್, ಸುಮೋ, ಬೊಲೆರೊ, ಅಂಬಾಸಿಡರ್, ಯಾವುದೇ ಇರಲಿ. ಮೌಂಟಿಂಗ್ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಅನ್ನು ಗಾಡಿಗೆ ಕೂರಿಸುವ ರಬ್ಬರ್ ಹಿಡಿಗಳು. ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು ಎಂಜಿನ್ ಬಲವನ್ನು ಅವಕ್ಕೆ ಹಂಚುವ ಗೇರುಗಳು. ನಮ್ಮದೂ ಇಂಥದ್ದೇ ಒಂದು ಡೀಸೆಲ್ ಗಾಡಿ. 3,400 ರೂಪಾಯಿಗೆ ಮುಗಿಯಬೇಕಾಗಿದ್ದ ಕೆಲಸಕ್ಕೆ 45 ಸಾವಿರ ಕಳೆದುಕೊಂಡೆ. ದುಡ್ಡಾದರೂ ಹೋಗಲಿ, ಅಪ್ಪನನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ ತಿರುವಿನಲ್ಲಿ ಮಳೆಯಲ್ಲಿ ನಿಂತುಬಿಟ್ಟೆ. ಅದು ಯಾರಿಗೂ ಬೇಡ.

ಶುರುವಾಗಿದ್ದು ಸಣ್ಣ ಸದ್ದಿನಿಂದ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಕೆಳಗೆಲ್ಲೋ ‘ಧಡ್’. ರಿವರ್ಸ್‌ನಲ್ಲೂ ಅಷ್ಟೇ. ಓಡುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇನ್ನೊಂದು. ನಿಂತಲ್ಲಿ ಎಂಜಿನ್ ಓಡುತ್ತಿದ್ದರೆ ಸ್ಟೇರಿಂಗ್, ಸೀಟು ಎಲ್ಲ ನಡುಗುತ್ತಿತ್ತು. ಡೀಸೆಲ್ ಗಾಡಿ, ವಯಸ್ಸಾಗಿದೆ, ನಡುಗುತ್ತದೆ ಅಂತ ಸುಮ್ಮನಾದೆ.

ಸದ್ದು ಜಾಸ್ತಿಯಾದ ಮೇಲೆ ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಒಂದು ಸುತ್ತು ಓಡಿಸಿ ಬಂದು, “ಗೌಡ್ರೆ, ಹಿಂದಿನ ಹೌಸಿಂಗ್ ಹೋಗಿದೆ. ಕ್ರೌನ್, ಪಿನಿಯನ್ ಸವೆದಿದೆ” ಅಂದರು. ಹೌಸಿಂಗ್ ಅಂದರೆ ಡಿಫರೆನ್ಷಿಯಲ್ ಕೂತಿರುವ ಡಬ್ಬ, ಕ್ರೌನ್ ಅದರೊಳಗಿನ ದೊಡ್ಡ ಗೇರ್, ಪಿನಿಯನ್ ಅದನ್ನು ತಿರುಗಿಸುವ ಸಣ್ಣ ಗೇರ್. ಬಾನೆಟ್ ಎತ್ತಲಿಲ್ಲ. ಡಿಫರೆನ್ಷಿಯಲ್ ಆಯಿಲ್ ಇಳಿಸಿ ನೋಡಲಿಲ್ಲ. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಲೂ ಇಲ್ಲ. “ರಿಪೇರಿ ಬೇಡ, ಪಿಕಪ್ ಗಾಡಿಯ ಡಿಫರೆನ್ಷಿಯಲ್ ಅಸೆಂಬ್ಲಿ ಪೂರ್ತಿ ಹಾಕಿಬಿಡೋಣ. ಪುಲ್ಲಿಂಗ್ ಜಾಸ್ತಿ ಸಿಗುತ್ತೆ, ನಿಮ್ಮ ತೋಟದ ಏರಿಗೆ ಚೆನ್ನಾಗಿರುತ್ತೆ” ಅಂದರು. ಮಳೆಗಾಲದಲ್ಲಿ ನಮ್ಮ ತೋಟದ ಏರು ಹತ್ತುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಮಾತಿಗೆ ಒಪ್ಪಿಕೊಂಡೆ. ಗುಜರಿಯಿಂದ ತಂದ ಅಸೆಂಬ್ಲಿ, ಕೂಲಿ, ಆಯಿಲ್ ಸೇರಿ 31 ಸಾವಿರ.

ಗಾಡಿ ಕೈಗೆ ಬಂದ ದಿನವೇ ‘ಧಡ್’ ಅಂತು. “ಹೊಸದಾಗಿ ಕೂತಿದೆ, ಓಡಿದ ಮೇಲೆ ಸರಿಹೋಗುತ್ತೆ” ಅಂದರು.

ಏರಿನಲ್ಲಿ ಎಳೆಯುವುದು ನಿಜವಾಗಿ ಜಾಸ್ತಿಯಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಹೈವೇಯಲ್ಲಿ ಎಂಜಿನ್ ಕಿರುಚುತ್ತಿತ್ತು. ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಹಳೆಯದರಲ್ಲಿ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 11. ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 3.9 ಸುತ್ತು ತಿರುಗಬೇಕು. ಹೊಸತರಲ್ಲಿ 43ಕ್ಕೆ 10, ಅಂದರೆ 4.3. ಅದೇ ವೇಗಕ್ಕೆ ಎಂಜಿನ್ ಶೇಕಡಾ 10ರಷ್ಟು ಜಾಸ್ತಿ ತಿರುಗಬೇಕು. ನಮ್ಮ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ, ಹಾಗಾಗಿ ಅದೂ ತಪ್ಪಿತು. ನಿಜವಾಗಿ 60ರಲ್ಲಿ ಹೋಗುವಾಗ ಮೊದಲಿಗಿಂತ 6 ಜಾಸ್ತಿ ತೋರಿಸುತ್ತದೆ. ಕಿಲೋಮೀಟರ್ ಲೆಕ್ಕವೂ ಹಾಗೇ ಓಡುತ್ತದೆ. ಅದಕ್ಕೇ ಮೀಟರ್ ನೋಡಿದರೆ ಮೈಲೇಜ್ ಇಳಿದಂತೆ ಕಾಣಲಿಲ್ಲ, ಡೀಸೆಲ್ ಖರ್ಚು ಮಾತ್ರ ಏರಿತು. ಇದನ್ನು ಯಾರೂ ಮೊದಲೇ ಹೇಳಲಿಲ್ಲ.

ಎರಡು ತಿಂಗಳಾಗಿತ್ತು. ಅಪ್ಪನ ಕಣ್ಣು ತೋರಿಸಿಕೊಂಡು ಮಣಿಪಾಲದಿಂದ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು. ಆ 14 ತಿರುವು ಗೊತ್ತಲ್ವಾ? ಒಂದು ತಿರುವಿನಲ್ಲಿ ಎದುರಿಂದ ಬಂದ ಗಾಡಿಗೆ ಜಾಗ ಬಿಟ್ಟು, ಫಸ್ಟ್ ಗೇರ್ ಹಾಕಿ ರೇಸ್ ಕೊಟ್ಟೆ. ಗಾಡಿಯ ಮುಂಭಾಗದಲ್ಲಿ ‘ಧಡ್’, ಅದರ ಬೆನ್ನಲ್ಲೇ ‘ಕರಕರ’ ಅಂತ ಏನೋ ಉಜ್ಜಿದ ಸದ್ದು, ಆಮೇಲೆ ಬಾನೆಟ್ ಸಂದಿಯಿಂದ ಹಬೆ. ಎಂಜಿನ್ ಆಫ್ ಮಾಡಿದೆ. ಅಪ್ಪ ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದರು, ಏನೂ ಸರಿಯಾಗಿ ಕಾಣುತ್ತಿರಲಿಲ್ಲ. “ಏನಾಯ್ತೋ, ಏನಾಯ್ತೋ” ಅಂತ ಕೇಳುತ್ತಲೇ ಇದ್ದರು. ನಾನು ಮಳೆಯಲ್ಲಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ.

ಟೋ ಮಾಡಿಸಿ ತೀರ್ಥಹಳ್ಳಿಯ ಕಡೆ ವಯಸ್ಸಾದ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಬಾನೆಟ್ ಎತ್ತಿ, ಎಂಜಿನ್ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದರು. ಒಂದು ಮೌಂಟಿಂಗ್‌ನ ರಬ್ಬರ್ ಕಬ್ಬಿಣದ ಪಟ್ಟಿಯಿಂದ ಪೂರ್ತಿ ಬಿಟ್ಟುಕೊಂಡಿತ್ತು. ಇನ್ನೊಂದು ಆಯಿಲ್ ಕುಡಿದು ಉಬ್ಬಿತ್ತು. ಗೇರ್‌ಬಾಕ್ಸ್ ಕೆಳಗಿನದು ಚಪ್ಪಟೆ. ಎಂಜಿನ್ ಎದ್ದು ವಾಲಿದಾಗ ಫ್ಯಾನ್ ರೇಡಿಯೇಟರ್ ಕವರ್‌ಗೆ ತಗುಲಿ, ಎಲೆ ಮುರಿದು ರೇಡಿಯೇಟರ್ ತೂತು ಮಾಡಿತ್ತು. “ಮಾರಾಯ್ರೆ, ಗೇರ್ ಲಿವರ್ ಕುಣಿಯೋದು ನೋಡ್ಲಿಲ್ವಾ ನೀವು?” ಅಂತ ಕೇಳಿದರು. ನೋಡಿದ್ದೆ. ಪ್ರತಿ ಸಲ ಕ್ಲಚ್ ಬಿಟ್ಟಾಗ ಲಿವರ್ ಅಲುಗುತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ.

ಅವರು ತಿಳಿಸಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಗಾಡಿಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಟ್ಟಿಯಾಗಿ ಉದ್ದಕ್ಕೆ ಕೂತಿರುತ್ತವೆ. ಶಾಫ್ಟ್ ಒಂದು ಕಡೆ ತಿರುಗಿಸಲು ಹೋದರೆ ಇಡೀ ಎಂಜಿನ್ ಇನ್ನೊಂದು ಕಡೆ ವಾಲಲು ನೋಡುತ್ತದೆ. ಒಂದು ಮೌಂಟ್ ಮೇಲಕ್ಕೆ ಜಗ್ಗುತ್ತದೆ, ಎದುರಿನದು ಅಮುಕಿಕೊಳ್ಳುತ್ತದೆ. ಫಸ್ಟ್ ಮತ್ತು ರಿವರ್ಸ್‌ನಲ್ಲಿ ಈ ಬಲ ತುಂಬಾ ಜಾಸ್ತಿ, ಅದಕ್ಕೇ ಸದ್ದು ಅಲ್ಲೇ ಮೊದಲು ಬರುತ್ತದೆ. ಗೇರ್ ಲಿವರ್ ಗೇರ್‌ಬಾಕ್ಸ್ ಮೇಲೇ ಕೂತಿದ್ದರೆ ಎಂಜಿನ್ ವಾಲಿದ ಹಾಗೆ ಅದೂ ವಾಲುತ್ತದೆ.

ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟು ಜಾಗ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು, ಹ್ಯಾಂಡ್ ಬ್ರೇಕ್, ಕಾಲಿನ ಬ್ರೇಕ್ ಗಟ್ಟಿಯಾಗಿ. ಬಾನೆಟ್ ಎತ್ತಿ ಒಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಗಾಡಿಯ ಮುಂದೆ ಯಾರೂ ನಿಲ್ಲಬಾರದು, ಕೈ ಒಳಗೆ ಹಾಕಬಾರದು. ಡ್ರೈವರ್ ಫಸ್ಟ್‌ನಲ್ಲಿ ಒಂದು ಕ್ಷಣ ಹಾಫ್ ಕ್ಲಚ್ ಕೊಡಲಿ, ಆಮೇಲೆ ರಿವರ್ಸ್‌ನಲ್ಲಿ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಧಪ್ಪೆಂದು ಬಿದ್ದರೆ ಮೌಂಟಿಂಗ್ ಹೋಗಿದೆ.

ಡಿಫರೆನ್ಷಿಯಲ್ ಕೆಟ್ಟಾಗ ಸಾಮಾನ್ಯವಾಗಿ ಒಂದು ವೇಗದಲ್ಲಿ ‘ಗುಂಯ್’ ಅನ್ನುತ್ತದೆ, ರೇಸ್ ಕೊಟ್ಟರೆ ಒಂದು ಥರ, ಬಿಟ್ಟರೆ ಇನ್ನೊಂದು ಥರ. ಆಯಿಲ್ ಇಳಿಸಿದಾಗ ಮ್ಯಾಗ್ನೆಟ್ ಮೇಲೆ ಸಣ್ಣ ಕಪ್ಪು ಪೇಸ್ಟ್ ಇದ್ದರೆ ಹೆದರಬೇಕಿಲ್ಲ, ಲೋಹದ ಚೂರು ಸಿಕ್ಕರೆ ಬಿಚ್ಚಿಸಿ. ‘ಧಡ್’ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟ್ ತುದಿಯ ಕೀಲು) ಸವೆದರೂ ಬರುತ್ತದೆ. ಅದನ್ನೂ ನೋಡಿಸಿ, ಅದು ಅಗ್ಗದ ಕೆಲಸ.

ಕೆಸರಿನಲ್ಲಿ ಒಂದೇ ಚಕ್ರ ಸುತ್ತುತ್ತದೆ ಅಂತ ಎರಡೂ ಚಕ್ರಕ್ಕೆ ಬಲ ಹೋಗುವಂತೆ ಮಾಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅಥವಾ ಲಾಕರ್ ಹಾಕಿಸುವ ಆಸೆ ಇದ್ದವರಿಗೂ ಒಂದು ಮಾತು. ಹಿಡಿತ ಜಾಸ್ತಿಯಾದ ಹಾಗೆ ಮೌಂಟ್, ಕ್ರಾಸ್ ಮೇಲೆ ಬೀಳುವ ಹೊಡೆತವೂ ಜಾಸ್ತಿ. ಹರಿದ ಮೌಂಟ್ ಇಟ್ಟುಕೊಂಡು ಹಾಕಿಸಬೇಡಿ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಅದಕ್ಕೆಂದೇ ಇರುವ ಆಯಿಲ್ ಬೇಕು. ಹಾಕಿಸಿದ ಮೇಲೆ ಒಂದು ಹಿಂದಿನ ಚಕ್ರ ಮಾತ್ರ ಜಾಕ್ ಎತ್ತಿ ಗೇರ್ ಹಾಕಲೇಬೇಡಿ. ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕ್‌ನಿಂದ ಎಳೆದು ಹಾಕುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಹಿಂದಿನ ರೇಶಿಯೋ (ಹಲ್ಲಿನ ಲೆಕ್ಕ) ಒಂದನ್ನೇ ಬದಲಿಸುವ ಹಾಗೂ ಇಲ್ಲ, ಮುಂದಿನದೂ ಹೊಂದಬೇಕು.

ಮೂರು ಮೌಂಟಿಂಗ್‌ಗೆ ಕೂಲಿ ಸೇರಿ 3,400 ಆಯಿತು. ಸದ್ದು ಅವತ್ತೇ ನಿಂತಿತು. ಫ್ಯಾನ್, ರೇಡಿಯೇಟರ್, ಟೋ ಖರ್ಚು 14 ಸಾವಿರ. ನಮ್ಮ ಹಳೆ ಅಸೆಂಬ್ಲಿ ವಾಪಸ್ ಹಾಕಿಸೋಣ ಅಂತ ಆ ಮೊದಲ ಗ್ಯಾರೇಜಿಗೆ ಹೋದೆ. ಬೇರೆಯವರ ಗಾಡಿಗೆ ಹಾಕಿ ಆಗಿತ್ತು. ಸವೆದಿದೆ ಅಂದಿದ್ದ ಅದೇ ಅಸೆಂಬ್ಲಿ! ನೀವು ಏನೇ ಬದಲಾಯಿಸಿದರೂ ತೆಗೆದ ಹಳೆ ಸಾಮಾನನ್ನು ಅವತ್ತೇ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತನ್ನಿ. ನಾನು ಈಗ 43ಕ್ಕೆ 11 ಹಲ್ಲಿನದು ಹುಡುಕುತ್ತಿದ್ದೇನೆ.