ಪಂಚಾಯತ್ ಆಫೀಸಿನ ಎದುರಿನ ಬೋರ್ಡಿಲ್ಲದ ಹೋಟೆಲ್: ಗೋಳಿಬಜೆಗೆ ನಾಲ್ಕು ಸ್ಟಾರ್, ಮೂರನೇ ಮೇಜಿಗೆ ಐದು

2003ರಿಂದ ನಮ್ಮ ಪಂಚಾಯತ್ ಆಫೀಸಿನ ಎದುರು ಆಟೋ ಓಡಿಸುತ್ತಿದ್ದೇನೆ. ಅಂದಿನಿಂದ ಚಾಯ ಕುಡಿಯುವುದು ಒಂದೇ ಹೋಟೆಲಿನಲ್ಲಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರಿಗೆ ಯಾವ ಹೋಟೆಲ್ ಅಂತ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಬೋರ್ಡಿಲ್ಲ. ರಸ್ತೆ ಅಗಲ ಮಾಡುವಾಗ ಇಳಿಸಿದ್ದು, ಹೋಟೆಲಿನ ಭಟ್ರು ಮತ್ತೆ ಹಾಕಲೇ ಇಲ್ಲ.

ಮೊದಲು ತಿಂಡಿಯ ವಿಷಯ. ಗೋಳಿಬಜೆ ಮೂರು ಗಂಟೆಗೆ ಬಾಣಲೆಯಿಂದ ಏಳುತ್ತದೆ. ಮೊದಲ ಘಾಣ ತಿಂದವನೇ ಪುಣ್ಯವಂತ. ನಾಲ್ಕೂವರೆಗೆ ಹೋದರೆ ಎಣ್ಣೆ ಕುಡಿದ ಹಿಟ್ಟಿನ ಉಂಡೆ ಸಿಗುತ್ತದೆ, ನನ್ನನ್ನು ಬೈಯಬೇಡಿ. ಚಟ್ನಿ ನೀರು. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವುದಿಲ್ಲ. ಬನ್ಸಿಗೆ ಸಕ್ಕರೆ ಸ್ವಲ್ಪ ಜಾಸ್ತಿ. ಬೆಳಿಗ್ಗೆಯ ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಮಾತ್ರ ಕಣ್ಣು ಮುಚ್ಚಿ ತಿನ್ನಬಹುದು. ಚಾಯ ಕಡಕ್ಕು, ಗ್ಲಾಸು ಚಿಕ್ಕದು.

ಇನ್ನು ಮೂರನೇ ಮೇಜು. ಕಿಟಕಿ ಪಕ್ಕದ್ದು. ಒಂದು ಕಾಲು ಗಿಡ್ಡ, ಅದರ ಅಡಿಗೆ ಮಡಚಿದ ಕಾಗದ ಇಟ್ಟಿದ್ದಾರೆ. ಅದು ನಮ್ಮ ಪಂಚಾಯತಿನ ಹಳೇ ಸೆಕ್ರೆಟ್ರಿಯವರ ಜಾಗ.

ಆಗ ಕೇರಳದಲ್ಲಿ ಸರಕಾರಿ ನೌಕರರಿಗೆ 55ಕ್ಕೇ ರಿಟೈರ್ಡ್. 2005ರಲ್ಲಿ ಅವರು ಆಫೀಸಿನಿಂದ ಇಳಿದರು, ರಸ್ತೆ ದಾಟಿದರು, ಈ ಮೇಜಿನಲ್ಲಿ ಕೂತರು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು ಅಂತ ಹೇಳಬಹುದು. ಬೆಳಿಗ್ಗೆ ಹತ್ತೂವರೆಗೆ ಬರುವುದು. ಕೈಯಲ್ಲಿ ರೆಕ್ಸಿನ್ ಚೀಲ, ಒಳಗೆ ಬಿಳಿ ಹಾಳೆ, ಕಾರ್ಬನ್ ಪೇಪರ್, ಎರಡು ಪೆನ್ನು. ಮಲೆಯಾಳ ಓದಲು ಬಾರದ ನಮ್ಮಂಥ ಕನ್ನಡ ಮೀಡಿಯಂನವರಿಗೆ ಅರ್ಜಿ ಬರೆದುಕೊಡುವುದು, ಬಂದ ಕಾಗದ ಓದಿ ಹೇಳುವುದು. ಹಣ ತಗೊಳ್ಳುತ್ತಿರಲಿಲ್ಲ. ಚಾಯ ಕೊಟ್ಟರೆ ಕುಡಿಯುತ್ತಿದ್ದರು, ಅದೂ ಹಾಲು, ಸಕ್ಕರೆ ಹಾಕದ ಕಟ್ಟಂ ಚಾಯ.

ಕಾಸರಗೋಡಿನ ಹೊರಗಿನವರಿಗೆ ಇದರ ಬೆಲೆ ಗೊತ್ತಾಗುವುದು ಕಷ್ಟ. ಮಲೆಯಾಳದ ಶಬ್ದಗಳು ನಮ್ಮವೇ ಅನ್ನಿಸುತ್ತವೆ, ಅಲ್ಲೇ ಎಡವುವುದು. ಅಲ್ಲಿ ಅಪೇಕ್ಷ ಅಂದರೆ ಅರ್ಜಿ. ಅವಕಾಶ ಅಂದರೆ ಹಕ್ಕು. ನಾನೇ ಒಮ್ಮೆ 'ಕೈವಶಾವಕಾಶ' ಅಂತ ಬರೆದ ಚೀಟಿ ಹಿಡಿದುಕೊಂಡು ಪಂಚಾಯತಿನ ಕ್ಯೂನಲ್ಲಿ ಅರ್ಧ ದಿನ ನಿಂತೆ. ಕೌಂಟರಿನವರು ಮುಖ ನೋಡಿ ನಕ್ಕರು. ಸೆಕ್ರೆಟ್ರಿಯವರು ನಗಲಿಲ್ಲ. "ಇದು ಜಾಗ ನಿನ್ನ ಸ್ವಾಧೀನದಲ್ಲಿ ಉಂಟು ಅಂತ ಹೇಳುವ ಕಾಗದ ಮಾರಾಯ, ವಿಲೇಜ್ ಆಫೀಸಿಗೆ ಹೋಗು. ಮನೆ ನಿನ್ನದು ಅಂತ ಹೇಳುವ ಉಡಮಸ್ಥಾವಕಾಶ ಮಾತ್ರ ಇಲ್ಲಿ ಕೊಡುವುದು." ಮೂರು ವರ್ಷ ಯಾರೂ ಹೇಳದ ವಿಷಯ ಒಂದು ಚಾಯದಲ್ಲಿ ತಲೆಗೆ ಹೋಯಿತು.

ಅರ್ಜಿ ಬರೆದುಕೊಟ್ಟ ಮೇಲೆ ಅವರದ್ದು ಒಂದೇ ಮಾತು: "ಕೊಟ್ಟು ಬರುವುದಲ್ಲ, ರಶೀದಿ ತಗೊಂಡು ಬನ್ನಿ." ರಶೀದಿ ತಂದು ತೋರಿಸದಿದ್ದರೆ ವಾಪಸ್ ಕಳಿಸುತ್ತಿದ್ದರು. ಆ ನಂಬರನ್ನು ಕಾರ್ಬನ್ ಪ್ರತಿಯ ಮೂಲೆಯಲ್ಲಿ ಬರೆದಿಡುತ್ತಿದ್ದರು.

ನನ್ನ ಚಿಕ್ಕಮ್ಮನ ವಿಧವಾ ಪಿಂಚಣಿಯ ಕಥೆ ಹೇಳಲೇಬೇಕು. ಕನ್ನಡದಲ್ಲಿ ಕೊಟ್ಟ ಅರ್ಜಿಯನ್ನು ಒಂದು ಆಫೀಸಿನವರು ಮಲೆಯಾಳದಲ್ಲಿ ಬರೆದು ತನ್ನಿ ಅಂತ ಹಿಂದೆ ಕೊಟ್ಟರು. ಚಿಕ್ಕಮ್ಮ ಅಳುತ್ತಾ ಹೋಟೆಲಿಗೆ ಬಂದಳು. ಮಲೆಯಾಳದಲ್ಲಿ ಬರೆಯಲು ಸೆಕ್ರೆಟ್ರಿಯವರಿಗೆ ಐದು ನಿಮಿಷ ಸಾಕಿತ್ತು. ನಾನೂ ಅದನ್ನೇ ಹೇಳಿದೆ, ಸುಮ್ನೆ ಬರೆದುಕೊಡಿ ಸಾರ್ ಅಂತ. ಅವರು ಬರೆಯಲಿಲ್ಲ. ಅದೇ ಕನ್ನಡ ಅರ್ಜಿಗೆ ಇನ್ನೊಂದು ಹಾಳೆ ಪಿನ್ ಹೊಡೆದರು. 1969ರ ಕೇರಳದ ಆಡಳಿತ ಭಾಷಾ ಕಾನೂನಿನ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಿ ಆಫೀಸಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು, ಅಂತ ನಾಲ್ಕು ಸಾಲು. ಪಿಂಚಣಿ ಎರಡು ತಿಂಗಳು ತಡವಾಯಿತು. ನನಗೆ ಆಗ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಉಂಟು. ಚಿಕ್ಕಮ್ಮನಿಗೆ ಇಲ್ಲ. ಕೊನೆಗೆ ಬಂದ ಕನ್ನಡದ ಕಾಗದವನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದಾಳೆ.

ಸೆಕ್ರೆಟ್ರಿಯವರು ಕೆಲಸದಲ್ಲಿದ್ದಾಗಲೂ ಹಾಗೆಯೇ ಅಂತೆ. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಊರಿನವರೇ ಸೇರಿ ಯೋಜನೆ ಮಾಡುವ ಕ್ರಮ, ಶುರುವಾಗಿ ರಾಜ್ಯದ ಯೋಜನೆ ಹಣದ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಊರಿನ ಕೈಗೆ ಬಂದ ಕಾಲ. ಗ್ರಾಮಸಭೆಯ ನೋಟಿಸನ್ನು ಎರಡೂ ಭಾಷೆಯಲ್ಲಿ ಸ್ವತಃ ಬರೆದು ಅಂಗಡಿ ಅಂಗಡಿಗೆ ಅಂಟಿಸುತ್ತಿದ್ದರು ಅಂತ ಭಟ್ರು ಹೇಳುತ್ತಾರೆ. ನೀರಿನ ಫಾರಮಿನಲ್ಲಿ ಬಾವಿಗೆ ಕಾಲಂ ಇತ್ತು, ಸುರಂಗಕ್ಕೆ ಇರಲಿಲ್ಲ. ನಮ್ಮ ಗುಡ್ಡದ ಮನೆಗಳಿಗೆ ಗುಡ್ಡವನ್ನು ಅಡ್ಡ ಕೊರೆದು ತೆಗೆಯುವ ಸುರಂಗದ ನೀರೇ ಗತಿ. ಸ್ಕೇಲ್ ಇಟ್ಟು ಒಂದು ಗೆರೆ ಎಳೆದು 'ಸುರಂಗ' ಅಂತ ಕಾಲಂ ಮಾಡಿದರಂತೆ.

ಅಧ್ಯಕ್ಷರುಗಳ ಫೋಟೋ ಗೋಡೆಯಲ್ಲಿರುತ್ತದೆ. ಬದಿಯಡ್ಕದಲ್ಲಿ ಕಯ್ಯಾರ ಕಿಂಞಣ್ಣ ರೈಗಳು ಕವಿಗಳಾಗಿದ್ದುಕೊಂಡೇ 15 ವರ್ಷ ಪಂಚಾಯತ್ ಅಧ್ಯಕ್ಷರಾಗಿದ್ದರು, ಅದು ಎಲ್ಲರಿಗೂ ಗೊತ್ತು. ಅವರ ಹೆಸರು ಬಂದರೆ ನಮ್ಮ ಸೆಕ್ರೆಟ್ರಿಯವರು ಚಾಯದ ಗ್ಲಾಸು ಕೆಳಗಿಡುತ್ತಿದ್ದರು. ಸೆಕ್ರೆಟ್ರಿಗಳ ಫೋಟೋ ಯಾರು ಹಾಕುತ್ತಾರೆ? ಟ್ರಾನ್ಸ್‌ಫರ್ ಆಗಿ ಬರುವವರು, ಹೋಗುವವರು.

ಈಗ ಎಲ್ಲ ಆನ್‌ಲೈನ್. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಚುರುಕು, ಒಳ್ಳೆಯವಳು. ಆದರೆ ಹಿಂದೆ ಇಪ್ಪತ್ತು ಜನ ನಿಂತಿರುವಾಗ ಅವಕಾಶದ ಅರ್ಥ ಯಾರು ಬಿಡಿಸಿ ಹೇಳುತ್ತಾರೆ? ಮೊನ್ನೆ ಒಬ್ಬ ಅಜ್ಜಿ ಮಲೆಯಾಳದ ಕಾಗದ ಹಿಡಿದುಕೊಂಡು ಸೀದಾ ಮೂರನೇ ಮೇಜಿಗೆ ಬಂದರು. ಭಟ್ರು ಸ್ಟ್ಯಾಂಡಿನಿಂದ ನನ್ನನ್ನು ಕರೆದರು. ಬಸ್ಸಿನ ಬೋರ್ಡು ಓದಿ ಕಲಿತ ಮಲೆಯಾಳ ನನ್ನದು. ಅಕ್ಷರ ಕೂಡಿಸಿ ಕೂಡಿಸಿ ಅರ್ಧ ಗಂಟೆ ಓದಿದೆ. ತೆರಿಗೆ ಬಾಕಿಯ ನೋಟಿಸು. "ಕಟ್ಟಿ ರಶೀದಿ ತಗೊಂಡು ಬನ್ನಿ ಅಜ್ಜಿ" ಅಂದೆ. ಭಟ್ರು ಅಡುಗೆ ಕೋಣೆಯಿಂದ ಇಣುಕಿ ನೋಡಿದರು. ಆ ದಿನದ ಚಾಯಕ್ಕೆ ಹಣ ತಗೊಳ್ಳಲಿಲ್ಲ.

ಹೋಗುವವರು ಮೂರೂವರೆಯ ಒಳಗೆ ಹೋಗಿ. ಆದಿತ್ಯವಾರ ಮತ್ತು ಎರಡನೇ ಶನಿವಾರ ಪಂಚಾಯತಿಗೆ ರಜೆ, ಹೋಟೆಲಿಗೂ ರಜೆ. ಮೂರನೇ ಮೇಜಿನಲ್ಲಿ ಕೂತರೆ ಗ್ಲಾಸು ಗೋಡೆ ಬದಿಗೆ ಇಡಿ, ಆಚೆ ಬದಿ ಅಲುಗಾಡುತ್ತದೆ.